ಮಗ್ಗದ ಓಣಿಯ ಹೆಸರುಗಲ್ಲು

೯ ಜನವರಿ ೧೯೭೯

ಇಂದಿನಿಂದ ದಿನಚರಿ ಬರೆಯಲು ನಿಶ್ಚಯಿಸಿದ್ದೇನೆ. ದೊಡ್ಡ ಮನುಷ್ಯರೆಲ್ಲ ಬರೆದಿದ್ದಾರಂತೆ. ಇದು ನನಗಾಗಿ ಮಾತ್ರ. ಆದರೂ ಮುಂದೆ ಯಾರಾದರೂ ಓದಿಬಿಟ್ಟರೆ ಗೊತ್ತಿರಲಿ: ನಾನು ಉಳವಪ್ಪ, ಬೆಟಗೇರಿಯ ಮಗ್ಗದ ಓಣಿಯಿಂದ ಆರಿಸಿ ಬಂದ ನಗರಸಭಾ ಸದಸ್ಯ. ನಮ್ಮದು ಮೂರು ತಲೆಮಾರಿನ ನೇಕಾರರ ಮನೆ. ಆದರೆ ಆರಿಸಿ ಬಂದ ದಿನದಿಂದ ನಾನು ಮಗ್ಗದ ಕುಣಿಗೆ ಇಳಿದಿಲ್ಲ. ಜನಪ್ರತಿನಿಧಿಯಾದವನು ಸೊಂಟದವರೆಗೆ ನೆಲದೊಳಗೆ ಕೂತಿದ್ದರೆ ಅರ್ಜಿ ತಂದವರು ಬಗ್ಗಿ ಮಾತಾಡಬೇಕಾಗುತ್ತದೆ. ಮಗ್ಗವನ್ನು ಈಗ ಹೆಂಡತಿ ಕಸ್ತೂರೆವ್ವ ನಡೆಸುತ್ತಾಳೆ.

ದಿನಚರಿಗೆ ಕಾರಣ ಪಕ್ಕದ ವಾರ್ಡಿನ ಸದಸ್ಯ ಅಂದಪ್ಪ. ಚುನಾವಣೆ ಬರುತ್ತದೆಂದು ಗಾಳಿಸುದ್ದಿ ಎದ್ದದ್ದೇ ತಡ, ತನ್ನ ಸಾಧನೆಗಳ ಪುಸ್ತಕ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ್ದಾನೆ. ಒಟ್ಟು ಇಪ್ಪತ್ತೊಂದು ಸಾಧನೆ. ಹನ್ನೊಂದನೆಯದು 'ಬೀದಿನಾಯಿಗಳ ವಿಷಯವಾಗಿ ಗಂಭೀರ ಚಿಂತನೆ'. ನಾಯಿಗಳು ಅವನ ಮನೆಯ ಮುಂದೆಯೇ ಮಲಗಿರುತ್ತವೆ.

ನಾನೂ ಗದಗಿಗೆ ಹೋಗಿ ಮುದ್ರಣಾಲಯದ ಯಮನೂರಸಾಬನನ್ನು ಕಂಡೆ. ನನ್ನ ಪಟ್ಟಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದ.

"ಸಾಹೇಬ್ರ, ಹಾಳಿ ಮಡಚಿದ್ರ ಹದಿನಾರ ಪುಟ ಬೀಳ್ತಾವ್ರಿ. ನಿಮ್ಮ ಏಳ ಸಾಧನಿ ಮೂರ ಪುಟಕ್ಕ ಮುಗೀತಾವ."

"ಉಳಿದ ಪುಟ?"

"ಖಾಲಿ ಬಿಡಬೇಕ್ರಿ. ಇಲ್ಲಾಂದ್ರ ಇನ್ನಷ್ಟು ಸಾಧನಿ ಮಾಡ್ಕೊಂಡ ಬರ್ರಿ, ನಾ ಎಲ್ಲಿ ಓಡಿ ಹೋಗ್ತೀನಿ?"

ಏಳರಲ್ಲಿ ಏಳನೆಯದು ನಾನು ತಂದದ್ದಲ್ಲ, ಕಳೆದ ವರ್ಷದ ಒಳ್ಳೆಯ ಮಳೆ. ಆದರೆ ನಾನು ಸದಸ್ಯನಾಗಿದ್ದಾಗಲೇ ಆದದ್ದು.

೧೬ ಜನವರಿ

ಶುಭದಿನ. ನಮ್ಮ ಓಣಿಯ ಡಾಂಬರು ರಸ್ತೆ ಮಂಜೂರಾಯಿತು! ಇದಕ್ಕಾಗಿ ನಾನು ಕಚೇರಿಯ ಮೆಟ್ಟಿಲನ್ನು ನಲವತ್ತೊಂದು ಸಲ ಹತ್ತಿದ್ದೇನೆ. ಮಳೆಗಾಲದಲ್ಲಿ ಈ ಓಣಿಯಲ್ಲಿ ಮೊಣಕಾಲು ಕೆಸರು. ಎರಡು ವರ್ಷದ ಹಿಂದೆ ಒಬ್ಬ ಬಾಣಂತಿಯನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಹೊತ್ತು ಸಾಗಿಸಬೇಕಾಯಿತು. ಆ ಹಲಗೆಯ ಒಂದು ಮೂಲೆ ನನ್ನ ಹೆಗಲ ಮೇಲಿತ್ತು. ಆವತ್ತೇ ರಸ್ತೆ ಮಾಡಿಸಬೇಕೆಂದು ಹಟ ಹುಟ್ಟಿತು. ಪುಸ್ತಕದಲ್ಲಿ ಇದಕ್ಕೆ ನಾಲ್ಕು ಪುಟ ಕೊಡಬಹುದು.

ಸಾಧನೆ ೮.

೨೯ ಜನವರಿ

ಕೆಲಸ ಭರದಿಂದ ಸಾಗಿದೆ. ಓಣಿಯ ತುದಿಗೊಂದರಂತೆ ಸೊಂಟದೆತ್ತರದ ಎರಡು ಕಲ್ಲುಗೂಟ ಅಡ್ಡವಾಗಿದ್ದವು. ನಾನೇ ಮುಂದೆ ನಿಂತು ಕೀಳಿಸಿದೆ. ರಸ್ತೆಯ ಅಡ್ಡಿಗಳ ನಿವಾರಣೆ, ಸಾಧನೆ ೯ ಮತ್ತು ೧೦. ಎರಡು ಗೂಟವಾದ್ದರಿಂದ ಎರಡೆಂದು ಎಣಿಸುವುದೇ ನ್ಯಾಯ.

ಸಂಜೆ ಚಿಗವ್ವ ಗದಿಗೆವ್ವ ಬಂದು ಕಟ್ಟೆಯ ಮೇಲೆ ಕೂತಳು. ನಮ್ಮ ಕಾಕಾ ತೀರಿಕೊಂಡ ಮೇಲೆ ಎರಡು ಮಗ್ಗವನ್ನು ಒಬ್ಬಳೇ ನಡೆಸಿ ಮಗನನ್ನು ಬೆಳೆಸಿದವಳು. ಓಣಿಯಲ್ಲಿ ಅವಳ ಮಾತಿಗೆ ಎದುರಿಲ್ಲ.

"ಉಳವಪ್ಪಾ, ಆ ಕಲ್ಲ ಯಾಕ ಕಿತ್ತಿ?"

"ರಸ್ತಾಕ್ಕ ಅಡ್ಡ ಇದ್ದುವಲ್ಲ, ಚಿಗವ್ವ."

"ಹಾಸು ಎದಕ್ಕ ಕಟ್ಟೂಣು?"

ಆಗ ನೆನಪಾಯಿತು. ಸೀರೆಯ ಉದ್ದದ ಎಳೆಗಳೇ ಹಾಸು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಓಣಿಯುದ್ದಕ್ಕೂ ಗೂಟದಿಂದ ಗೂಟಕ್ಕೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಗಂಜಿ ಕುಡಿಯದ ಎಳೆ ಮಗ್ಗದಲ್ಲಿ ಒಂದು ಗೇಣು ನೇಯುವುದರೊಳಗೆ ಹರಿಯುತ್ತದೆ. ಬೆಟಗೇರಿಯಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು. ಆ ಗೂಟ ನೆಟ್ಟವನು ನನ್ನ ಅಜ್ಜ. ನಾನು ಅದನ್ನು ಕೀಳಿಸುವಾಗ ರಸ್ತೆಯ ಅಳತೆಯನ್ನಷ್ಟೇ ನೋಡಿದೆನೇ ಹೊರತು ಬೇರೇನೂ ತಲೆಗೆ ಹೊಳೆಯಲಿಲ್ಲ.

ಸಾವರಿಸಿಕೊಂಡು, "ಊರ ಮುಂದ ಹೋಗಬೇಕಂದ್ರ ಸ್ವಲ್ಪ ತ್ಯಾಗ ಮಾಡಬೇಕಾಗತೈತಿ" ಅಂದೆ.

"ಸ್ವಲ್ಪ ಅಲ್ಲಪಾ, ಅರವತ್ತ ಮೊಳ" ಅಂದು ಎದ್ದು ಹೋದಳು.

೭ ಫೆಬ್ರವರಿ

ರಸ್ತೆ ಮುಗಿಯಿತು. ಕನ್ನಡಿಯಂತಿದೆ. ಮಾರ್ಕೆಟ್ಟಿಗೆ ಹೋಗುವ ಲಾರಿಗಳಿಗೆ ಇದು ಹತ್ತಿರದ ದಾರಿಯಾಗಿದೆ. ಬೆಳಗಿನಿಂದ ಕಟ್ಟೆಯ ಮೇಲೆ ಕೂತು ಹದಿಮೂರು ಲಾರಿ ಎಣಿಸಿದೆ. ಎದೆ ತುಂಬಿ ಬಂತು.

ಮನೆಯಲ್ಲಿ ರೊಟ್ಟಿ ಇತ್ತು, ಮಾತು ಇರಲಿಲ್ಲ. ಕಸ್ತೂರೆವ್ವನ ಮಗ್ಗ ಮೂರು ದಿನದಿಂದ ನಿಂತಿದೆಯಂತೆ. ಡಾಂಬರಿನಲ್ಲಿ ಬಿದಿರಿನ ಗೂಟವೂ ಇಳಿಯುವುದಿಲ್ಲವಂತೆ. ಒಳ್ಳೆಯ ಡಾಂಬರು ಎಂಬುದಕ್ಕೆ ಇದೇ ಸಾಕ್ಷಿ ಎಂದೆ. ಪಲ್ಯದ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು.

೧೩ ಫೆಬ್ರವರಿ

ರಸ್ತೆಗೆ ಹೆಸರುಗಲ್ಲು ಬೇಕು. ಶಿರಹಟ್ಟಿ ಕಡೆಯ ಒಳ್ಳೆಯ ಕರಿಕಲ್ಲು ತರಿಸಿ ಲಕ್ಷ್ಮೇಶ್ವರದ ಮಾಶಾಕನಿಗೆ ಕೆತ್ತಲು ಒಪ್ಪಿಸಿದೆ. ಅಕ್ಷರ ಕೆತ್ತುವುದರಲ್ಲಿ ಅವನದು ಎತ್ತಿದ ಕೈ. 'ಜನಸೇವಕ, ನೇಕಾರಬಂಧು, ಪ್ರಗತಿಯ ಹರಿಕಾರ ಶ್ರೀ ಉಳವಪ್ಪನವರ ಸತತ ಪ್ರಯತ್ನದಿಂದ' ಎಂದು ಬರೆದುಕೊಟ್ಟೆ.

"ಕಲ್ಲ ಸಾಲಂಗಿಲ್ರಿ" ಅಂದ.

"ಯಾವುದಾದರೂ ಒಂದು ತೆಗಿ."

"ನೇಕಾರಬಂಧು ತಗೀಲೇನ್ರಿ?"

ಯೋಚಿಸಿ ಹೂಂ ಅಂದೆ. ಹರಿಕಾರ ಬಿಡಲು ಮನಸ್ಸಾಗಲಿಲ್ಲ.

ಕಲ್ಲನ್ನು ಓಣಿಯ ಬಾಯಿಯಲ್ಲಿ ನಿಲ್ಲಿಸುವುದು. ಕಿತ್ತ ಗೂಟದ ಗುಂಡಿ ಅಲ್ಲಿ ತಯಾರಿದೆ.

೧೯ ಫೆಬ್ರವರಿ

ಇಂದು ಒಂದು ಅಹಿತಕರ ಘಟನೆ. ಗದಿಗೆವ್ವ, ಅವಳ ಮಗ, ಕಸ್ತೂರೆವ್ವ ಮತ್ತು ನೆರೆಮನೆಯ ಕಳಕವ್ವ ಸೇರಿ ಹಾಸನ್ನು ಹೆಗಲ ಮೇಲೆ ಹೊತ್ತು ಮಲ್ಲಸಮುದ್ರದ ಕಡೆಯ ಬಯಲಿಗೆ ಒಯ್ದರು. ಅಲ್ಲಿ ಗೂಟ ನೆಟ್ಟು, ಬಿಗಿದು, ಗಂಜಿ ಹಚ್ಚಿದರು. ಗಾಳಿ ಎದ್ದು ಹಸಿ ಎಳೆಗಳಿಗೆಲ್ಲ ಮಣ್ಣು ಮೆತ್ತಿತು. ಅದು ಸಾಲದೆಂಬಂತೆ ಆಡಿನ ಹಿಂಡೊಂದು ಬಂದು ಅಕ್ಕಿಯ ಗಂಜಿ ನೆಕ್ಕತೊಡಗಿತು. ಒಂದು ಹೋತ ಹಾಸಿನೊಳಗೆ ಕೊಂಬು ಸಿಕ್ಕಿಸಿಕೊಂಡು ಅರ್ಧ ಸೀರೆಯ ಎಳೆಯನ್ನು ಹೊತ್ತುಕೊಂಡು ಓಡಿತಂತೆ.

ಕೇಳಿ ನಗು ಬಂತು. ಆಮೇಲೆ ಗದಿಗೆವ್ವನನ್ನು ನೋಡಿದೆ. ಬಾಗಿಲಲ್ಲಿ ಕೂತು ಗಂಟುಗಂಟಾದ ಎಳೆಗಳನ್ನು ಒಂದೊಂದೇ ಬಿಡಿಸುತ್ತಿದ್ದಳು. ಮುಂಡರಗಿಯ ಒಬ್ಬ ವ್ಯಾಪಾರಿಗೆ ಲಗ್ನದ ಸೀರೆಗಳನ್ನು ಹೋಳಿಹುಣ್ಣಿಮೆಯೊಳಗೆ ಕೊಡಬೇಕು. ಓಣಿಯ ಎಂಟು ಮಗ್ಗಗಳಿಗೂ ಅವನೊಬ್ಬನೇ ದೊಡ್ಡ ಗಿರಾಕಿ. ಈ ಸಲ ತಪ್ಪಿದರೆ ಬೇರೆ ಊರಿನ ನೇಕಾರರನ್ನು ನೋಡಿಕೊಳ್ಳುತ್ತೇನೆಂದು ಹೇಳಿ ಕಳಿಸಿದ್ದಾನೆ. ಅಂದರೆ ಎಂಟು ಮನೆಯ ಒಲೆಯ ಪ್ರಶ್ನೆ.

ಆಡುಗಳ ನಿಯಂತ್ರಣದ ಬಗ್ಗೆ ಸಭೆಯಲ್ಲಿ ಪ್ರಸ್ತಾಪಿಸಬೇಕು. ಸಾಧನೆ ೧೧ ಆಗಬಹುದು.

೨೪ ಫೆಬ್ರವರಿ

ರಸ್ತೆಯ ಉದ್ಘಾಟನೆಗೆ ಉಪಮಂತ್ರಿಗಳು ಒಪ್ಪಿದ್ದಾರೆ. ಮಾರ್ಚ್ ಎರಡು, ಬೆಳಿಗ್ಗೆ ಎಂಟು ಗಂಟೆ. ಹೆಸರುಗಲ್ಲಿನ ಪರದೆ ಅವರೇ ಸರಿಸುವರು. ಬಿಳಿ ಧೋತರ, ಬಿಳಿ ಜುಬ್ಬ ಒಗೆಯಲು ಹಾಕಿದೆ. ಅಂದಪ್ಪನಿಗೂ ಆಮಂತ್ರಣ ಕೊಟ್ಟೆ. ನೋಡಲಿ.

೨ ಮಾರ್ಚ್

ಎಲ್ಲಿಂದ ಬರೆಯಲಿ?

ಏಳೂಕಾಲಕ್ಕೆ ಮನೆಯಿಂದ ಹೊರಗೆ ಬಂದೆ. ಓಣಿಯ ತುಂಬ ಹಾಸು! ಒಂದು ತುದಿಯನ್ನು ನನ್ನ ಹೆಸರುಗಲ್ಲಿಗೆ ಪರದೆಯ ಮೇಲೆಯೇ ಹಗ್ಗ ಸುತ್ತಿ ಬಿಗಿದಿದ್ದರು. ಇನ್ನೊಂದು ತುದಿಯನ್ನು ಓಣಿಯ ಆ ಕೊನೆಯಲ್ಲಿ ಇನ್ನೂ ನಿಂತಿದ್ದ ರೋಡ್ ರೋಲರಿಗೆ ಕಟ್ಟಿದ್ದರು. ನಡುವೆ ಅರವತ್ತು ಮೊಳ ಹಸಿ ಎಳೆ ಸೂರ್ಯನಿಗೆ ಹೊಳೆಯುತ್ತಿತ್ತು. ಗದಿಗೆವ್ವ, ಕಸ್ತೂರೆವ್ವ, ಕಳಕವ್ವ ಗಂಜಿ ಕೈಯಲ್ಲಿ ನಿಂತಿದ್ದರು.

"ಚಿಗವ್ವ! ಎಂಟಕ್ಕ ಮಂತ್ರಿಗಳು ಬರ್ತಾರ!"

"ಮಂತ್ರಿ ಅಂದಮ್ಯಾಲ ಎಂಟಕ್ಕ ಬರ್ತಾನನು? ಹನ್ನೊಂದಾದ್ರೂ ಆಗತೈತಿ. ಅಷ್ಟೊತ್ತಿಗೆ ನಮ್ಮದು ಒಣಗಿ ಮನಿ ಸೇರಿರತೈತಿ."

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಕಂಡ ಯಾವ ಮಂತ್ರಿಯೂ ಹೇಳಿದ ಹೊತ್ತಿಗೆ ಬಂದಿಲ್ಲ. ಆದರೆ ಈ ಪುಣ್ಯಾತ್ಮ ಏಳೂವರೆಗೇ ಬಂದ! ಓಣಿಯ ಬಾಯಿಯಲ್ಲಿ ಕಾರು ಹಾರನ್ ಹೊಡೆಯಿತು. ಪಕ್ಕದಲ್ಲಿ ಅಂದಪ್ಪ ಹಾರ ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದ.

ಹಗ್ಗ ಬಿಚ್ಚಿಸೋಣವೆಂದು ಕಲ್ಲಿನ ಹತ್ತಿರ ಓಡಿದೆ. ಬಿಚ್ಚಿದರೆ ಹಸಿ ಹಾಸು ನೆಲಕ್ಕೆ ಬಿದ್ದು ಮುದ್ದೆಯಾಗುತ್ತದೆ. ಅದರ ಜೊತೆಗೆ ಮುಂಡರಗಿಯ ಗಿರಾಕಿಯೂ ಹೋಗುತ್ತಾನೆ. ಹಗ್ಗಕ್ಕೆ ಕೈ ಹಾಕಿ ಹಾಗೆಯೇ ನಿಂತೆ.

"ಲೇ ಉಳವ್ಯಾ!" ಗದಿಗೆವ್ವ ಕೂಗಿದಳು. ಐದು ವರ್ಷದಿಂದ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. "ನಿಂತು ಏನ ನೋಡ್ತಿ? ಎಳಿ ಅಂಟ್ಕೊಳ್ಳಾಕತ್ಯಾವ. ಕುಂಚ ಹಿಡಿ!"

ಕುಂಚ ತಿಕ್ಕಲು ನಾಲ್ಕು ಜನ ಬೇಕು. ಹಾಸಿನ ಎರಡೂ ಬದಿಗೆ ಎದುರುಬದುರು ನಿಂತು ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಅವಳ ಮಗ ನಸುಕಿನಲ್ಲಿಯೇ ಮುಂಡರಗಿಗೆ, ವ್ಯಾಪಾರಿಯ ಕೈಕಾಲು ಹಿಡಿಯಲು ಹೋಗಿದ್ದನಂತೆ. ಮೂವರಿಂದ ಆಗುತ್ತಿರಲಿಲ್ಲ.

"ಚಿಗವ್ವ, ಮಂತ್ರಿಗಳು..."

"ಮಂತ್ರಿ ಒಣಗೂದಿಲ್ಲ, ಗಂಜಿ ಒಣಗತೈತಿ!"

ಹೇಗೆ ಕುಂಚ ಕೈಗೆ ಬಂತೋ ಗೊತ್ತಿಲ್ಲ. ಎದುರಿಗೆ ಕಸ್ತೂರೆವ್ವ. ಮೊದಲ ಸುತ್ತಿಗೆ ನನ್ನ ಹೆಜ್ಜೆ ತಪ್ಪಿತು, ಅವಳು ಹುಬ್ಬು ಗಂಟಿಕ್ಕಿದಳು. ಎರಡನೆಯ ಸುತ್ತಿಗೆ ಕಾಲಿಗೆ ತಾನಾಗಿಯೇ ನೆನಪಾಯಿತು. ಮೂರನೆಯದಕ್ಕೆ ಅವಳು ನಕ್ಕಳು. ಒಂದು ತಿಂಗಳಲ್ಲಿ ಮೊದಲ ಸಲ.

ಆಚೆಯಿಂದ ಉಪಮಂತ್ರಿಗಳ ದನಿ ಕೇಳಿಸಿತು. "ಅಲ್ಲಿ ಬಿಳಿ ಜುಬ್ಬದವರು ಯಾರು?"

"ಯಾರೋ ನೇಕಾರ್ರಿ ಸಾಹೇಬ್ರ" ಅಂದ ಅಂದಪ್ಪ.

ನಾನು ಯಾರೆಂದು ಕೂಗಿ ಹೇಳಬೇಕೆನಿಸಿತು. ಆದರೆ ಕುಂಚ ನಡುವೆ ನಿಲ್ಲಿಸಿದರೆ ಅಲ್ಲಿ ಗಂಜಿ ಗಡ್ಡೆ ಕಟ್ಟುತ್ತದೆ. ಆ ತುದಿ ಮುಟ್ಟಿ ತಿರುಗುವಷ್ಟರಲ್ಲಿ ಕಾರು ಹೋಗಿತ್ತು. ಅಂದಪ್ಪ ಅವರನ್ನು ತನ್ನ ವಾರ್ಡಿನ ದನಗಳ ನೀರಿನ ತೊಟ್ಟಿ ತೋರಿಸಲು ಕರೆದೊಯ್ದನಂತೆ.

ಒಂಬತ್ತಕ್ಕೆ ಹಾಸು ಒಣಗಿತು. ಗದಿಗೆವ್ವ ಹಗ್ಗ ಬಿಚ್ಚಿದಳು, ಅದರ ಜೊತೆಗೆ ಪರದೆಯೂ ಬಿಚ್ಚಿಕೊಂಡು ಬಂತು. ಕಳಕವ್ವ ಒಬ್ಬಳೇ ಚಪ್ಪಾಳೆ ತಟ್ಟಿದಳು. ಹೀಗೆ ರಸ್ತೆ ಉದ್ಘಾಟನೆಯಾಯಿತು.

೩ ಮಾರ್ಚ್

ಪತ್ರಿಕೆಯಲ್ಲಿ ಫೋಟೋ. ಉಪಮಂತ್ರಿ, ಅಂದಪ್ಪ, ಒಂದು ಎಮ್ಮೆ.

ಇದು ನನಗಾದ ಅವಮಾನ. ಧೋತರದ ಗಂಜಿ ಹೋಗಲಿಲ್ಲ, ನಿಲ್ಲಿಸಿದರೆ ತಾನೇ ನಿಲ್ಲುತ್ತದೆ.

೫ ಮಾರ್ಚ್

ರೋಲರು ಹೋಯಿತು. ಈಗ ಹಾಸಿನ ಒಂದು ತುದಿಗೆ ನನ್ನ ಕಲ್ಲು, ಇನ್ನೊಂದು ತುದಿಗೆ ಗಾಳಿ. ಅದೂ ಅಲ್ಲದೆ ಬೆಳಗಿನಿಂದ ಲಾರಿಗಳು. ಅವು ಇಷ್ಟೊಂದು ಹಾರನ್ ಹೊಡೆಯುತ್ತವೆಂದು ಮೊದಲು ಗಮನಿಸಿರಲಿಲ್ಲ. ಇನ್ನೂ ಮೂರು ಹಾಸಿನ ಕೆಲಸ ಬಾಕಿಯಿದೆ. ಮುಂಡರಗಿಯ ವ್ಯಾಪಾರಿ ಕೊನೆಗೂ ಯುಗಾದಿಯವರೆಗೆ ಗಡುವು ಕೊಟ್ಟಿದ್ದಾನಂತೆ, ಅದಕ್ಕಿಂತ ಒಂದು ದಿನವೂ ಇಲ್ಲ.

ನಗರಸಭೆಯ ಅಧ್ಯಕ್ಷರನ್ನು ಕಂಡೆ. ಆ ತುದಿಗೂ ಒಂದು ಗೂಟ, ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ವಾಹನ ಬಂದ್, ಇಷ್ಟೇ ಕೇಳಿದೆ. ರಸ್ತೆಯಲ್ಲಿ ಗೂಟ ನೆಡುವುದು ಅಡ್ಡಿಯಾಗುತ್ತದೆ, ಕಾನೂನು ಒಪ್ಪುವುದಿಲ್ಲ ಎಂದರು. ಅಡ್ಡಿ ತೆಗೆದದ್ದಕ್ಕೆ ನನ್ನನ್ನೇ ಸಭೆ ಅಭಿನಂದಿಸಿದೆಯಂತೆ. ಹೆಸರುಗಲ್ಲಾದರೆ ಅಡ್ಡಿಯಿಲ್ಲ, ಆದರೆ ಠರಾವಿಗೆ ಬಹುಮತ ಬೇಕು.

ಬಹುಮತ ಅಂದಪ್ಪನ ಜೇಬಿನಲ್ಲಿದೆ.

೬ ಮಾರ್ಚ್

ಅಂದಪ್ಪನ ಮನೆಗೆ ಹೋದೆ. ಚಹಾ ಕೊಟ್ಟ. ಕಪ್ಪು-ಬಸಿ ಕೆಳಗಿಡುವ ಮೊದಲೇ ವ್ಯವಹಾರಕ್ಕೆ ಇಳಿದ.

"ಆ ತುದೀಗೆ ಕಲ್ಲ ನಿಂದ್ರಸೂಣು. ನನ್ನ ಹೆಸರ ಇರ್ಲಿ."

"ಆತು."

"ರಸ್ತಾ ನನ್ನ ಪ್ರಯತ್ನದಿಂದ ಆತು ಅಂತ ಇರ್ಲಿ."

"ಅಂದಪ್ಪ, ನೀ ಆ ರಸ್ತಾಕ್ಕ ಒಂದ ದಿನಾ ಅಡ್ಡ್ಯಾಡಿಲ್ಲ."

"ಖರೆ. ಆದ್ರ ಕೈ ಎತ್ತಾವ್ರು ನನ್ನ ಕಡೆ ಅದಾರ. ಮತ್ತ ಒಂದ ರಸ್ತಾಕ್ಕ ಇಬ್ಬರ ಹೆಸರ ಚಂದ ಕಾಣೂದಿಲ್ಲ. ನಿನ್ನ ಕಲ್ಲ ಇರ್ಲಿ, ಹೆಸರ ತಗಸು."

ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ನಲವತ್ತೊಂದು ಸಲ ಮೆಟ್ಟಿಲು ಹತ್ತಿದವನು ನಾನು. ಹಲಗೆಯ ಮೂಲೆ ಹೊತ್ತವನು ನಾನು. ಈ ಐದು ವರ್ಷದಲ್ಲಿ ನಿಜವಾಗಿ ನಾನು ಮಾಡಿದ್ದು ಇದೊಂದೇ, ಉಳಿದದ್ದೆಲ್ಲ ಮಳೆಯ ಹಾಗೆ. ಮನಸ್ಸಿಗೆ ಬಹಳ ನೋವಾಗಿದೆ. ಕೊಡುವುದಿಲ್ಲ.

೭ ಮಾರ್ಚ್

ಕೊಡುವುದಿಲ್ಲ.

೮ ಮಾರ್ಚ್

ಬೆಳಿಗ್ಗೆ ಗದಿಗೆವ್ವ ಮಗನ ಜೊತೆ ಹಾಸು ಹೊತ್ತುಕೊಂಡು ಮತ್ತೆ ಮಲ್ಲಸಮುದ್ರದ ಕಡೆ ಹೊರಟಿದ್ದಳು. ಕಾಲು ಎಳೆಯುತ್ತಿದ್ದಳು. ನನ್ನನ್ನು ನೋಡಿ ಹಾಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮುಂದೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ತಡೆದು ಮನೆಗೆ ಕಳಿಸಿದೆ.

ಅಂದಪ್ಪನಿಗೆ ಆಯಿತೆಂದು ಹೇಳಿ ಬಂದೆ. ನಾಳಿನ ಸಭೆಯಲ್ಲೇ ಠರಾವು ಆಗಬೇಕು, ಕಲ್ಲೂ ಜಲ್ದಿ ಬೇಕು ಎಂದು ಷರತ್ತು ಹಾಕಿದೆ. ಮತದಾರರ ಹಿತದೃಷ್ಟಿಯಿಂದ ಮಾಡಿದ್ದು, ಬೇರೆ ಕಾರಣವಿಲ್ಲ.

೯ ಮಾರ್ಚ್

ಠರಾವು ಪಾಸಾಯಿತು. ಅಂದಪ್ಪ ನೇಕಾರರ ಕಷ್ಟದ ಬಗ್ಗೆ ಮಾತಾಡಿ ಕಣ್ಣೊರೆಸಿಕೊಂಡ. ನಾನು ಅನುಮೋದಿಸಿದೆ.

ಯಮನೂರಸಾಬ ದಾರಿಯಲ್ಲಿ ಸಿಕ್ಕ. "ಸಾಹೇಬ್ರ, ರಸ್ತಾದ ನಾಕ ಪುಟ ಜೋಡ್ಸಿಟ್ಟೀನ್ರಿ. ಲಗ್ನಪತ್ರಿಕಿ ಬಾಳ ಬಂದಾವ, ಅಚ್ಚಿನ ಮೊಳಿ ಸಾಲವಲ್ಲವು. ಏನ ಮಾಡ್ಲಿ?"

"ಬಿಚ್ಚು" ಅಂದೆ. ಪಾಪ, ಅವನಿಗೂ ಸೀಜನ್ನು.

೧೦ ಮಾರ್ಚ್

ಮಾಶಾಕ ಅಂದಪ್ಪನ ಕಲ್ಲಿನ ಜೊತೆ ಬಂದಿದ್ದಾನೆ. ನಾನು ಒಪ್ಪುವ ಮೊದಲೇ ಅಂದಪ್ಪ ಅದನ್ನು ಕೆತ್ತಲು ಕೊಟ್ಟಿದ್ದನಂತೆ. ಮೊದಲು ನನ್ನ ಹೆಸರನ್ನು ಚಾಣದಿಂದ ಹೊಡೆದು ಹಾಕಿದ. ನೋಡಬಾರದೆಂದು ಮನೆಯೊಳಗೆ ಕೂತಿದ್ದೆ. ಸದ್ದು ಕೇಳಿಸುತ್ತಲೇ ಇತ್ತು.

"ಕೆತ್ತಾಕ ಐದ ದಿನ ಹಿಡದಿತ್ರಿ ಸಾಹೇಬ್ರ" ಅಂದ ಬಂದು, "ತಗ್ಯಾಕ ಒಂದ ಚಾ ಆರೂದ್ರೊಳಗ ಆತು."

ಊಟಕ್ಕೆ ಕಸ್ತೂರೆವ್ವ ಹೋಳಿಗೆ ಮಾಡಿದ್ದಳು. ಹಬ್ಬ ಯಾವುದೆಂದು ಕೇಳಿದೆ. ಸುಮ್ಮನೆ ಉಣ್ಣು ಅಂದಳು.

೧೧ ಮಾರ್ಚ್

ಐದಕ್ಕೆ ಎದ್ದೆವು. ಎರಡು ಹಾಸು ಮುಗಿಯಿತು, ನಾಳೆ ಒಂದು. ಗದಿಗೆವ್ವನ ಮಗ ಬಂದಿದ್ದರಿಂದ ಕುಂಚಕ್ಕೆ ನಾನು ಬೇಕಾಗಿರಲಿಲ್ಲ. ಆದರೂ ಹೋಗಿದ್ದೆ.

ನನ್ನ ಕಲ್ಲು ಹೆಸರು ಹೊಡೆದಲ್ಲಿ ಒರಟಾಗಿದೆ. ಹಗ್ಗ ಅಲ್ಲಿ ಕಚ್ಚಿಕೊಂಡು ನಿಂತಿತು. ಅಂದಪ್ಪನದು ಹೊಸ ಪಾಲಿಶ್, ಹಗ್ಗ ಜಾರಿ ಜಾರಿ ಕೆಳಗೆ ಬರುತ್ತಿತ್ತು.

"ಉಳವ್ಯಾ, ಮಾಶಾಕಗ ಹೇಳಿ ಆ ಕಲ್ಲಿನ ಹೆಸರೂ ಹೊಡಸಲೇನೋ?"

"ಬ್ಯಾಡ ಚಿಗವ್ವ, ಠರಾವು ಆಗೇತಿ. ನಾ ಹಿಡಕೋತೀನಿ."

ಅಂದಪ್ಪನ ಕಲ್ಲಿಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತೆ. ಎಂಟಕ್ಕೆ ಸೈಕಲ್ ಮೇಲೆ ಒಬ್ಬ ಬಂದ. ಗದಗಿನ ಕಡೆಯವನು, ಹೊಸಬ. ನೇರ ಹಾಸಿನ ಕಡೆಗೇ ತುಳಿಯುತ್ತಿದ್ದವನು ನನ್ನನ್ನು ನೋಡಿ ನಿಂತ. ಕಲ್ಲನ್ನು ಓದಿದ, ನನ್ನ ಮುಖ ನೋಡಿದ.

"ಈ ರಸ್ತಾ ಮಾಡ್ಸಿದ ಅಂದಪ್ಪನವರು ಅಂದ್ರ ನೀವ ಏನ್ರಿ?"

ಕೈಯಲ್ಲಿ ಹಗ್ಗ ಎಳೆಯುತ್ತಿತ್ತು. ಆ ತುದಿಯಲ್ಲಿ ಕಸ್ತೂರೆವ್ವ ಕುಂಚ ತಿರುಗಿಸುತ್ತಿದ್ದಳು. ಎಳೆಗಳು ಇನ್ನೂ ಹಸಿಯಾಗಿದ್ದವು, ವಾದ ಮಾಡುವ ಹೊತ್ತಲ್ಲ.

"ಹೌದ್ರಿ, ನಾನ ಅಂದಪ್ಪ" ಅಂದೆ. "ಇನ್ನೂ ಒಂಬತ್ತಾಗಿಲ್ಲ, ಸೈಕಲ್ ಇಳದು ಬಾಜೂಕ ಹಾದು ಹೋಗ್ರಿ."